ಹತ್ತಕ್ಕೆ ಹೊರಟು ಮೂರೂವರೆಗೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಂಡನಿಗೆ ಅಣ್ಣನ ನೆನಪುಗಳು.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ಸ್ಟೀರಿಂಗ್ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಕ್ಕ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಇದು ಅವಳ ಮುಂದೆ ಆಡುವ ಮಾತಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಬಸ್ಸಿಗೆ ಕೊನೆಗೂ ಹೊಸ ಗೇರ್‌ಬಾಕ್ಸ್ ಹಾಕಿದರು. ಅಕ್ಕನ ಆಪರೇಷನ್ ಗಾಯ ಪೂರ್ತಿ ಮಾಗಿದೆ, ಮತ್ತೆ ಹೊಲಿಗೆ ಮಿಷನ್ ಮುಂದೆ ಕೂತಿದ್ದಾಳೆ. ಸ್ವಲ್ಪ ಮಲಗು ಅಂದರೆ ನನ್ನ ಮೇಲೇ ಹರಿಹಾಯುತ್ತಾಳೆ.

ಹೋದ ವಾರ ನಾನೊಂದು ಎಡವಟ್ಟು ಮಾಡಿದೆ ಕಣೋ. ಅಕ್ಕನ ಅಂಗಡಿಗೆ ಮೇಷ್ಟ್ರೊಬ್ಬರು ಕೋಟು ಬಿಗಿ ಮಾಡಿಸಲು ಬಂದಿದ್ದರು. ನೀನಿರುವ ಊರಿಗೇ ಹೊರಟಿದ್ದಾರಂತೆ. "ವಿಮಾನ ಎಷ್ಟೊತ್ತಿಗೆ ಸಾರ್?" ಅಂದೆ. "ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಮಧ್ಯಾಹ್ನ ಮೂರೂವರೆಗೆ ಅಲ್ಲಿರುತ್ತೆ" ಎಂದು ಹೇಳಿ ಹೋದರು. ನಾನೋ, ಜೀವಮಾನವಿಡೀ ಬಸ್ಸಿನ ವೇಳಾಪಟ್ಟಿ ಓದಿದವನು. ಎದೆಯುಬ್ಬಿಸಿ, "ನೋಡಕ್ಕಾ, ಬರೀ ಐದೂವರೆ ಗಂಟೆ! ಅಷ್ಟೊತ್ತಲ್ಲಿ ನನ್ನ ಬಸ್ಸು ನಮ್ಮ ರಾಜ್ಯಾನೂ ದಾಟಲ್ಲ" ಎಂದುಬಿಟ್ಟೆ.

ಅಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. "ಬರೀ ಐದೂವರೆ ಗಂಟೆನಾ?" ಅಷ್ಟೇ ಕೇಳಿದ್ದು.

ಅಮ್ಮ ಹೋದಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು. ನೀನು ಕೊನೆಯ ಸಲ ಊರಿಗೆ ಬಂದು ಆರು ವರ್ಷವಾಯಿತು. ಆಸ್ಪತ್ರೆಯಲ್ಲಿ ನರ್ಸು, "ಚಿಕ್ಕ ತಮ್ಮ ಬರಲಿಲ್ವಾ?" ಅಂದಾಗ, "ತುಂಬಾ ದೂರಮ್ಮ, ಪಾಪ" ಎಂದು ನಿನ್ನನ್ನು ವಹಿಸಿಕೊಂಡು ಮಾತಾಡಿದ್ದಳು. ಆ ದೂರವನ್ನೇ ನಾನು ಅವಳಿಂದ ಕಿತ್ತುಕೊಂಡಿದ್ದೆ. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಆಮೇಲೆ ಮೇಷ್ಟ್ರು ಕೋಟು ಒಯ್ಯಲು ಬಂದಾಗ ಕೇಳಿಯೇಬಿಟ್ಟೆ: "ನಿಜವಾಗ್ಲೂ ಐದೂವರೆ ಗಂಟೆನಾ ಸಾರ್?" ಅವರು ಬಿದ್ದು ಬಿದ್ದು ನಕ್ಕರು. "ರೀ ಡ್ರೈವರ್ರೇ, ಮೂರೂವರೆ ಅನ್ನೋದು ಅಲ್ಲಿನ ಗಡಿಯಾರದಲ್ಲಿ! ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಎಂಟೂವರೆ ಸಾವಿರ ಕಿಲೋಮೀಟರು, ಹನ್ನೊಂದು ಗಂಟೆ ಹಾರಬೇಕು." ನೀನು ಫೋನಿನಲ್ಲಿ "ಇಲ್ಲಿನ್ನೂ ಬೆಳಗಾಗಿಲ್ಲ" ಅನ್ನುವಾಗಲೇ ನನ್ನ ಮಂಡೆಗೆ ಹೊಳೆಯಬೇಕಿತ್ತು.

ಅಕ್ಕನ ಮುಖ ನೀನು ನೋಡಬೇಕಿತ್ತು! "ಹನ್ನೊಂದು ಗಂಟೆ! ಅಯ್ಯೋ ದೇವರೇ, ನಾನು ಹೇಳಲಿಲ್ವಾ? ಅಷ್ಟು ದೂರದಿಂದ ಅವನು ಹೇಗೆ ಬರೋದು? ಸುಮ್ಮನೆ ಏನೇನೋ ಹೇಳಿ ನನ್ನ ತಲೆ ಕೆಡಿಸಿದೆಯಲ್ಲೋ!" ಎಂದು ನನಗೇ ಗದರಿದಳು. ಆವತ್ತು ಊಟಕ್ಕೆ ಎರಡು ಸಲ ಬಡಿಸಿಕೊಂಡಳು. ನಾನು ಬೈಸಿಕೊಂಡೇ ಖುಷಿಪಟ್ಟೆ.

ಚಳಿಯಲ್ಲಿ ಓಡಾಡುವಾಗ ಕಿವಿ ಮುಚ್ಚಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ತಣ್ಣಗಿರು, ಅಕ್ಕನ ಆಶೀರ್ವಾದ ಹೇಗೂ ಇದ್ದೇ ಇದೆ.

ಇಂತಿ ನಿನ್ನ
ಅಣ್ಣ

ತಾ.ಕ.: ಹನ್ನೊಂದು ಗಂಟೆ ಎಂದರೆ ನನ್ನ ಒಂದು ದಿನದ ಡ್ಯೂಟಿ ಕಣೋ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೇನೆ. ಅಕ್ಕನಿಗೆ ಅದು ಇನ್ನೂ ಹೊಳೆದಿಲ್ಲ. ಹೊಳೆಯುವ ಮೊದಲು ಬಂದುಬಿಡೋ.