ಭೂಮಿಕಳ ಸ್ಟ್ಯಾಂಡಿನ ಅಳತೆ

ರೀ,

ನಾನು, ಭೂಮಿಕ ಪಾಂಡವಪುರಕ್ಕೆ ಹೊರಟಿದ್ದೀವಿ. ಇವತ್ತು ಸ್ಕೂಲಲ್ಲಿ ಅವಳ ಕಾಲಿಗೆ ಫಿಸಿಯೋಥೆರಪಿ ಇದೆ. ಕಿಕ್ಕೇರಿಯಲ್ಲಿ ಬಾಗಿಲು ಕೂರಿಸಿ ಬಂದು ದಣಿದು ಮಲಗಿದ್ರಿ, ಅದಕ್ಕೇ ಎಬ್ಬಿಸಲಿಲ್ಲ. ಮುದ್ದೆ ಮುಚ್ಚಿಟ್ಟಿದ್ದೀನಿ, ಉಪ್ಸಾರಿನ ಖಾರ ಚಿಕ್ಕ ಬಟ್ಟಲಲ್ಲಿದೆ. ಆರೋ ಮುಂಚೆ ಉಣ್ಣಿ.

ಇನ್ನು ಆ ಸ್ಟ್ಯಾಂಡಿನ ವಿಷಯ. ಮಗಳು ಮನೆಯಲ್ಲೂ ಹಿಡ್ಕೊಂಡು ನಡೀಲಿ ಅಂತ ನೀವು ಮರದಲ್ಲಿ ಮಾಡಿದ್ದನ್ನ ಫಿಸಿಯೋ ಮೇಡಂ ನನ್ನ ಫೋನಲ್ಲಿ ಫೋಟೋ ನೋಡಿ, ಗಿಡ್ಡ ಆಗಿದೆ, ಎತ್ತರಿಸಿ ಅಂದ್ರು. ಅವತ್ತಿಂದ ಮುಖ ಊದಿಸ್ಕೊಂಡಿದ್ದೀರಿ. "ದೀಪಾವಳೀಲಿ ಮಾಡಿದ್ದು, ಅಷ್ಟ್ರೊಳ್ಗೇ ಗಿಡ್ಡ ಆಯ್ತದಾ? ನಮ್ಮನೆ ಅಳ್ತೆ ಯಾವತ್ತೂ ತಪ್ಪಿಲ್ಲ ಕಣೆ. ಆ ಮೇಡಮ್ಮಂಗೆ ಮರಗೆಲ್ಸ ಏನ್ ಗೊತ್ತು" ಅಂತ ನನ್ನ ಮೇಲೆ ಕೂಗಾಡಿದ್ದೂ ಆಯಿತು. ಮೇಡಂ ಫೋನ್ ಮಾಡಿದಾಗ ಮಾತ್ರ "ಆಗ್ಲಿ ಬುಡಿ ಮೇಡಂ" ಅಂದ್ರಿ.

ಬೆಳಿಗ್ಗೆ ಅವಳು ಅದೇ ಸ್ಟ್ಯಾಂಡ್ ಹಿಡಿದು ನಿಂತಿದ್ದಳು, ನಾನು ಜಡೆ ಹಾಕಿದೆ. ಯಾವಾಗಲೂ ಬೆನ್ನು ಬಗ್ಗಿಸಿ ಹಾಕುವವಳು, ಇವತ್ತು ನೆಟ್ಟಗೆ ನಿಂತೇ ಮುಗಿಸಿದೆ. ಆಮೇಲೆ ಗೊತ್ತಾಯಿತು, ಅವಳೇ ಎತ್ತರ ಆಗಿದ್ದಾಳೆ.

ನಿಮ್ಮ ಅಳತೆ ತಪ್ಪಿಲ್ಲ, ಆಚಾರ್ರೇ. ಅವತ್ತು ನೀವು ಅಳೆದಿದ್ದು ಮಂಡಿ ಬಗ್ಗಿಸಿಕೊಂಡು ನಿಂತಿದ್ದ ಮಗಳನ್ನ. ಈಗ ಆ ಮಂಡಿ ನೆಟ್ಟಗಾಗ್ತಿದೆ.

ಸಂಜೆ ನಾವು ಬಂದ ಮೇಲೆ ಇನ್ನೊಂದು ಸಲ ಅಳೀರಿ. ನಡುಮನೆ ತುಂಬ ಹತ್ಯಾರ ಹರಡಬೇಡಿ, ಜಗಲಿ ಇದೆ.

ಈ ಸಲ ಅಂಟು ಹಾಕಿ ಜಡೀಬೇಡಿ, ಬೋಲ್ಟ್ ಹಾಕಿ. ಮತ್ತೆ ಎತ್ತರಿಸೋದಿರುತ್ತೆ.