ಡ್ರೈವರನ ಹೆಸರು

ಪುರಸೈವಾಕ್ಕಂ
೯ ಜುಲೈ ೧೯೬೩, ಮಂಗಳವಾರ

ಕಾರಿನ ಇನ್ಶೂರೆನ್ಸ್ ಅಂತೂ ಮುಗಿಯಿತು. ಮುಗಿದ ರೀತಿಯೇ ಮನಸ್ಸನ್ನು ಕೊರೆಯುತ್ತಿದೆ.

ಇವರ ಕಣ್ಣು ಮಂಜಾದ ಮೇಲೆ, ನಮ್ಮ ಹೋಟೆಲಿನ ಊಟವನ್ನು ತಿರುವೊಟ್ಟಿಯೂರಿನ ಫ್ಯಾಕ್ಟರಿಗೆ ಮುಟ್ಟಿಸಲು ಯಾರೂ ಇಲ್ಲವೆಂದೇ ನಾನು ಈ ವಯಸ್ಸಿನಲ್ಲಿ ಸ್ಟೀರಿಂಗ್ ಹಿಡಿದದ್ದು. ಹೋದ ತಿಂಗಳು ಲೈಸೆನ್ಸ್ ಸಿಕ್ಕಿದಾಗ ದೊಡ್ಡ ಗಂಡಾಂತರ ಕಳೆಯಿತು ಅಂದುಕೊಂಡಿದ್ದೆ. ಇವತ್ತು ನುಂಗಂಬಾಕ್ಕಂನಲ್ಲಿ ಮೂರು ಆಫೀಸು ಹತ್ತಿ ಇಳಿದೆ. ಹೊಸ ಲೈಸೆನ್ಸ್ ಎಂದೊಡನೆ ಅವರು ಹೇಳಿದ ಪ್ರೀಮಿಯಂ ಕೇಳಿ ಎದ್ದು ಬಂದೆ.

ಸಂಜೆ ಏಜೆಂಟ್ ಮುರಳೀಧರ ಮನೆಗೇ ಬಂದ. ಮೈಸೂರಿನವನು, ಹೋಟೆಲಿನ ಹಳೆಯ ಗಿರಾಕಿ.

"ಯಜಮಾನರದ್ದು ಇಪ್ಪತ್ತು ವರ್ಷದ ಲೈಸೆನ್ಸು, ಒಂದು ಗೀರೂ ಇಲ್ಲ. ಡ್ರೈವರ್ ಅಂತ ಅವರ ಹೆಸರೇ ಇರ್ಲಿ ಅಮ್ಮಾ, ಅರ್ಧಕ್ಕೆ ಮುಗಿಯುತ್ತೆ."

"ಓಡಿಸುವುದು ನಾನಲ್ಲವಾ? ಯಾರಿಗಾದರೂ ತಾಗಿದರೆ ಎಂತ ಮಾಡುವುದು?"

"ತಾಗಿಸ್ಬೇಡಿ."

ತಾಗಿಸಬೇಡಿ ಅಂತೆ! ಇವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಬೇಡ ಎನ್ನಲಿಲ್ಲ. ನನಗೂ ಬೇರೆ ದಾರಿ ತೋಚಲಿಲ್ಲ.

ಮದುವೆಯಾದಂದಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಇವರ ಹೆಸರನ್ನು, ಫಾರಂನ ಡ್ರೈವರ್ ಎಂಬಲ್ಲಿ ನನ್ನ ಕೈಯಾರೆ ಬರೆದೆ. ಸಹಿಗೆಂದು ಪೆನ್ನು ಕೊಟ್ಟರೆ ಇವರು ಅದನ್ನು ಕಾಗದದ ಮೇಲೆ ಎತ್ತಿ ಹಿಡಿದುಕೊಂಡೇ ಕೂತರು. ಕೊನೆಗೆ ಬೆರಳು ಹಿಡಿದು ಗೆರೆ ಎಲ್ಲಿದೆಯೆಂದು ತೋರಿಸಿದ್ದೂ ನಾನೇ.