ತಿರುಗಿಸಿ ನೋಡದ ತಿಗಣೆ

ಶುಕ್ರವಾರ, ಅಕ್ಟೋಬರ್ ೧೨

ಸೊಟ್ಟ ಟೋಪಿಯ ತೋಟಗಾರನಿಗೆ,

ಒಂದೇ ಪದ ಬರೆದು ಲಕೋಟೆ ಅಂಟಿಸಿಬಿಟ್ಟಿದ್ದೆ: ‘ಬರುತ್ತೇನೆ.’ ಎರಡು ವರ್ಷದ ಮೇಲೆ ನೀನು ‘ವಾಪಸ್ ಬರ್ತೀಯಾ?’ ಎಂದು ಕೇಳಿದ್ದೀಯ. ಹೆಂಡತಿಯಾದವಳು ಅಷ್ಟು ಉತ್ತರ ಕೊಟ್ಟರೆ ಸಾಕಿತ್ತು. ಆದರೆ ಲಕೋಟೆಯನ್ನು ಹರಿದುಹಾಕಿದೆ. ನಿನ್ನ ಕೋಸಿನ ತೋಟ ಹಾಳಾದದ್ದು ನನ್ನಿಂದ. ಇದನ್ನು ಹೇಳದೆ ಬಂದರೆ ನಿನ್ನೆದುರು ಕೂತು ಒಂದು ತುತ್ತು ತಿನ್ನಲೂ ನನ್ನಿಂದಾಗದು.

ಜುಲೈಯಲ್ಲಿ ನೀನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ ಡಬ್ಬಿ ನೆನಪಿದೆಯಲ್ಲ? ಚೂಪು ಭುಜದ ಕಂದು ತಿಗಣೆ, ಜೊತೆಗೊಂದು ಚೀಟಿ: ‘ಎಲೆಕೋಸಿನ ಮೇಲೆ ತುಂಬಾ ಇವೆ. ಕೊಲ್ಲಲಾ, ಬಿಡಲಾ?’ ನಮ್ಮ ಸಹಾಯಕಿ ಡಬ್ಬಿಯನ್ನು ಕಿವಿಗೆ ಹಿಡಿದು, ‘ಎಲ್ಲರ ಗಂಡಂದಿರು ಹೂ ಕಳಿಸ್ತಾರೆ, ನಿಮ್ಮೋರು ಹುಳ ಕಳಿಸ್ತಾರಲ್ಲ ಮೇಡಂ, ಅದೂ ಜೀವಂತ!’ ಎಂದು ನಕ್ಕಳು. ನಾನು ನಗಲಿಲ್ಲ. ‘ರಸ ಹೀರುವ ತಿಗಣೆ. ಆರಿಸಿ ನಾಶಪಡಿಸಿ’ ಎಂದು ಮುದ್ರಿತ ನಮೂನೆಯ ಮೇಲೆ ಬರೆದು, ಯಾರೋ ಅಪರಿಚಿತ ರೈತನಿಗೆಂಬಂತೆ ಸಹಿ ಹಾಕಿ ಕಳಿಸಿದೆ.

ಅಂದು ಕೆಲಸದ ಒತ್ತಡವಿತ್ತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಮೇಜಿನ ಮೇಲಿದ್ದದ್ದು ನಾಲ್ಕೇ ಡಬ್ಬಿ. ಉಳಿದ ಮೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ, ನಿನ್ನದನ್ನು ಮಾತ್ರ ಮುಚ್ಚಳದ ಗಾಜಿನ ಮೇಲಿಂದಲೇ. ನಿನ್ನ ಅಕ್ಷರ ಕಂಡ ಕೂಡಲೇ, ನಾನು ಮನೆ ಬಿಟ್ಟ ದಿನ ನೀನಾಡಿದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು: ‘ಸತ್ತ ಹುಳದ ಮೇಲಿರೋ ಅಕ್ಕರೆ ನಿನಗೆ ಬದುಕಿರೋ ಗಂಡನ ಮೇಲಿಲ್ಲ.’ ಆ ಡಬ್ಬಿ ಬೇಗ ಮೇಜು ಬಿಟ್ಟರೆ ಸಾಕಾಗಿತ್ತು. ಅದು ಕೋಪವೋ, ಅಳು ಬಂದುಬಿಟ್ಟೀತೆಂಬ ಭಯವೋ, ಈಗಲೂ ಗೊತ್ತಿಲ್ಲ.

ಕಳೆದ ವಾರ ತರಬೇತಿಗೆ ಬಂದವರಿಗೆ ಪಾಠ ಮಾಡುವಾಗ ನಮ್ಮ ಸಹಾಯಕಿ ಅಂದು ಸೂಜಿ ಚುಚ್ಚಿ ಕಪಾಟಿನಲ್ಲಿಟ್ಟಿದ್ದ ಅದೇ ತಿಗಣೆ ಕೈಗೆ ಬಂತು. ಬೆನ್ನು ನೋಡಿ ತೀರ್ಮಾನಿಸಬೇಡಿ, ಅಂಗಾತ ಮಾಡಿ ಬಾಯಿ ನೋಡಿ ಎಂದು ಹದಿನೆಂಟು ವರ್ಷದಿಂದ ಹೇಳುತ್ತ ಬಂದವಳು ನಾನು. ಗಿಡದ ರಸ ಹೀರುವುದರ ಬಾಯಿ ಕೂದಲಿನಷ್ಟು ತೆಳು. ಬೇರೆ ಹುಳುಗಳನ್ನು ಚುಚ್ಚಿ ತಿನ್ನುವುದರದು ದಪ್ಪ, ಮುಂದಕ್ಕೆ ಚಾಚುವಂಥದ್ದು. ಹೇಳುತ್ತಲೇ ತಿರುಗಿಸಿದೆ. ದಪ್ಪ ಬಾಯಿ. ‘ಹಾಗಾದ್ರೆ ಇದು ರೈತನ ಪಾರ್ಟಿನಾ ಮೇಡಂ?’ ಎಂದು ಮುಂದಿನ ಸಾಲಿನವಳು ಕೇಳಿದಳು. ‘ಹೌದಮ್ಮ, ರೈತನದೇ’ ಅಂದೆ. ಆಮೇಲೆ ಪಾಠ ಸಾಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋಗಿ ನಿಂತೆ.

ಉಳಿದದ್ದನ್ನು ನಿನ್ನ ಅಕ್ಕ ಆಗಸ್ಟಿನಲ್ಲೇ ಫೋನಿನಲ್ಲಿ ಹೇಳಿದ್ದರು. ನನ್ನ ಉತ್ತರ ತಲುಪಿದ ದಿನದಿಂದ ಒಂದು ವಾರ ನೀನು ಬೆನ್ನು ಬಗ್ಗಿಸಿ ಆ ತಿಗಣೆಗಳನ್ನು ಒಂದೊಂದಾಗಿ ಆರಿಸಿ ಸೋಪಿನ ನೀರಿಗೆ ಹಾಕಿದೆಯಂತೆ. ಅವು ತಿನ್ನುತ್ತಿದ್ದ ಹಸಿರು ಹುಳುಗಳಿಗೆ ಆಮೇಲೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಇಪ್ಪತ್ತೇ ದಿನಕ್ಕೆ ಎಲೆಯಲ್ಲಿ ನರ ಮಾತ್ರ ಉಳಿಯಿತು. ನೀನು ಮುಕ್ಕಾಲು ತೋಟ ಉತ್ತುಹಾಕಿದೆ. ಪಕ್ಕದ ತೋಟದವನು ‘ಹೆಂಡ್ತಿ ಹುಳದ ಡಾಕ್ಟ್ರು, ಗಂಡನ ಕೋಸು ಜರಡಿ!’ ಎಂದು ಆಡಿಕೊಂಡಾಗ ನೀನು, ‘ಅವಳು ಹೇಳಿದ್ದು ಸರಿಯಾಗೇ ಇತ್ತು ಕಣಯ್ಯ, ನಾನೇ ತಡ ಮಾಡ್ದೆ’ ಅಂದೆಯಂತೆ. ಅಕ್ಕ ಹೆಮ್ಮೆಯಿಂದ ಹೇಳಿದರು. ಆಗ ನಾನೂ ಅದನ್ನೇ ನಂಬಿದೆ, ನಂಬಿ ಸ್ವಲ್ಪ ಬೀಗಿದೆ ಕೂಡ.

ನೀನು ಒಂದು ದಿನವೂ ತಡ ಮಾಡಲಿಲ್ಲ. ನಾನು ಹೇಳಿದ್ದೇ ತಪ್ಪು. ಈ ಎರಡು ಸಾಲನ್ನು ಪಕ್ಕದ ತೋಟದವನಿಗೂ ಓದಿ ಹೇಳು. ಹೊಸ ಸಸಿಗಳ ಮೇಲೆ ಚೂಪು ಭುಜದವು ಮತ್ತೆ ಬಂದಿದ್ದರೆ ಮುಟ್ಟಬೇಡ, ಔಷಧಿಯನ್ನೂ ಹೊಡೆಯಬೇಡ. ನಿನ್ನ ಹತ್ತಿರ ಸಂಬಳವಿಲ್ಲದೆ ದುಡಿಯುವವರು ಅವರಷ್ಟೇ.

ಇಲ್ಲಿ ಮೂರನೇ ಮಹಡಿಯಲ್ಲಿ ನನ್ನದೊಂದು ಕೋಣೆ. ಸಂಜೆ ಕೆಳಗಿನ ಮೆಟ್ಟಿಲಲ್ಲಿ ಯಾರಾದರೂ ಬೂಟಿನ ಮಣ್ಣು ಕೊಡವಿದರೆ ಓದುತ್ತಿದ್ದದ್ದನ್ನು ಬಿಟ್ಟು ಕಿವಿಗೊಡುತ್ತೇನೆ. ನಿನ್ನ ಹಾಗೆ ಎರಡು ಸಲ ಬಡಿದು, ತಡೆದು, ಮೂರನೆಯದನ್ನು ಬಡಿಯುವವರು ಈ ಕಟ್ಟಡದಲ್ಲಿ ಯಾರೂ ಇಲ್ಲ.

ಹಾಗಾಗಿ, ಬರಲು ನನಗೆ ಯೋಚಿಸಬೇಕಿಲ್ಲ. ಆದರೆ ನೀನು ಕರೆದದ್ದು ಸರಿಯಾಗಿ ಹೇಳಿದ ಹೆಂಡತಿಯನ್ನು. ನಿನ್ನ ಡಬ್ಬಿಯನ್ನು ನೋಡದೇ ಸಹಿ ಹಾಕಿದವಳನ್ನೂ ಕರೆಯುತ್ತೀಯಾ?

ನೀನು ‘ಭೂತಕನ್ನಡಿ’ ಎಂದು ಕರೆಯುತ್ತಿದ್ದವಳು

ತಾ.ಕ.: ಇನ್ನೊಂದು ಮುಚ್ಚಿಟ್ಟಿದ್ದೆ. ನಿಮ್ಮೂರಿನ ಕೃಷಿ ಕಚೇರಿಗೆ ವರ್ಗ ಕೇಳಿ ನಾನು ಅರ್ಜಿ ಕೊಟ್ಟದ್ದು ಮೇ ತಿಂಗಳಲ್ಲಿ, ನೀನು ಕರೆಯುವ ಎಷ್ಟೋ ಮೊದಲೇ. ಆದೇಶ ನಿನ್ನೆ ಬಂತು. ಒಪ್ಪಿಗೆ ತಿಳಿಸಲು ಮೂವತ್ತರವರೆಗೆ ಗಡುವು. ಈ ಪತ್ರ ನಿನ್ನನ್ನು ತಲುಪಲು ನಾಲ್ಕು ದಿನ, ನಿನ್ನ ಉತ್ತರ ಇಲ್ಲಿಗೆ ಬರಲು ನಾಲ್ಕು ದಿನ. ನಡುವೆ ನೀನು ಕೋಪ ಮಾಡಿಕೊಂಡು, ಅದು ಇಳಿದು, ಪೆನ್ನು ಹುಡುಕಲು ಒಂದು ವಾರವಾದರೂ ಬೇಕು. ಅಷ್ಟನ್ನೂ ಗಡುವಿನಿಂದ ಕಳೆದರೆ ಇದನ್ನು ಕಳಿಸಲು ಉಳಿಯುವ ಕೊನೆಯ ದಿನ ಒಂದೇ. ಅದರಾಚೆ ಧೈರ್ಯಕ್ಕಾಗಿ ಕಾಯಲಾರೆ. ಸೋಮವಾರ, ಅಕ್ಟೋಬರ್ ೧೫ಕ್ಕೆ ಇದನ್ನು ಅಂಚೆಗೆ ಹಾಕುತ್ತೇನೆ.